ಒರೆಸಿದರೂ ಮತ್ತೆ ಬರುವ ಬೂಷ್ಟು: ಚರ್ಮದ ಹಳೆಯ ವಸ್ತುಗಳಿಗೆ ದೋಷ ನಿವಾರಣೆ

ನಮ್ಮ ಮನೆ ಹಾಲ್‌ನಲ್ಲಿ ಒಂದು ತೊಗಲುಗೊಂಬೆ ಇದೆ. ಹನುಮಂತ. ಎರಡು ಅಡಿ ಎತ್ತರ, ಮೇಕೆ ತೊಗಲು, ಕೆಂಪು ಕಪ್ಪು ಹಸಿರು ಬಣ್ಣ, ಮೈತುಂಬ ಉಳಿಯಲ್ಲಿ ಹೊಡೆದ ಸಣ್ಣ ಸಣ್ಣ ತೂತು. ತಾತ ಬಳ್ಳಾರಿ ಕಡೆ ಕೆಲಸದಲ್ಲಿದ್ದಾಗ ಒಬ್ಬ ಕಲಾವಿದರಿಂದ ಕೊಂಡು ತಂದದ್ದು. ನಾವು ಅದಕ್ಕೆ ಗಾಜಿನ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೆವು. ಒಂದು ಮಳೆಗಾಲದಲ್ಲಿ ಬಲಗಾಲಿನ ಹತ್ತಿರ ಬೂದಿ ಬಣ್ಣದ ಚುಕ್ಕೆಗಳು ಕಂಡವು. ಫ್ರೇಮ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿದೆ. ಮೂರು ವಾರಕ್ಕೆ ಮತ್ತೆ ಅದೇ ಜಾಗ. ಇನ್ನೊಮ್ಮೆ ಒರೆಸಿದೆ. ಮತ್ತೆ ಅದೇ ಜಾಗ. ಮೂರನೇ ಸಲ ಒರೆಸಿದಾಗ ಬೂಷ್ಟಿನ ಜೊತೆ ಕೆಂಪು ಬಣ್ಣವೂ ಬಟ್ಟೆಗೆ ಬಂತು. ಆವತ್ತೇ ಒರೆಸುವುದನ್ನು ಬಿಟ್ಟೆ.

ಬೂಷ್ಟಿನ ಬೀಜಕಣ ಗಾಳಿಯಲ್ಲಿ ಯಾವಾಗಲೂ ಇರುತ್ತದೆ. ನಿಮ್ಮ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲೂ ಇದೆ, ಅದನ್ನು ಪೂರ್ತಿ ಓಡಿಸುವ ದಾರಿ ಇಲ್ಲ. ತಿನ್ನುವುದಕ್ಕೆ ಚರ್ಮ ಇದ್ದೇ ಇದೆ. ಕಾಯುತ್ತಿರುವುದು ತೇವಕ್ಕೆ ಮಾತ್ರ. ಹಾಗಾಗಿ ತೇವ ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಒರೆಸಲು ಹೊರಟರೆ ಒರೆಸುತ್ತಲೇ ಇರಬೇಕು, ಒರೆಸಿದಷ್ಟೂ ಬಣ್ಣ ಹೋಗುತ್ತದೆ. ಮೊದಲು ನೀರು ಹುಡುಕಿ, ಆಮೇಲೆ ಬ್ರಷ್ ಹಿಡಿಯಿರಿ. ಇಷ್ಟನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚರ್ಮ ಗಾಳಿಯ ತೇವ ಎಷ್ಟು ಕುಡಿಯುತ್ತದೆ ಅಂತ ನೋಡಬೇಕಾದರೆ ತಮಟೆಯವರನ್ನು ನೋಡಿ. ಬಾರಿಸುವ ಮೊದಲು ಹುಲ್ಲೋ ಕಾಗದವೋ ಹಚ್ಚಿ ತಮಟೆಯನ್ನು ಬೆಂಕಿಗೆ ಕಾಯಿಸುತ್ತಾರೆ, ಅಲ್ವಾ? ಥಂಡಿಗೆ ತೊಗಲು ಸಡಿಲ ಆಗಿರುತ್ತದೆ, ಕಾಯಿಸಿದರೆ ಬಿಗಿಯುತ್ತದೆ, ಆಗ ನಾದ ಬರುತ್ತದೆ. ನಿಮ್ಮ ಬೀರುವಿನಲ್ಲಿರುವ ಹಳೆಯ ಚೀಲವೂ ಅದೇ ಥಂಡಿಯನ್ನೇ ಕುಡಿಯುತ್ತಾ ಕೂತಿರುತ್ತದೆ, ಸದ್ದು ಮಾಡಿ ಹೇಳುವುದಿಲ್ಲ ಅಷ್ಟೇ.

ಇದು ನಿಜವಾಗಿ ಬೂಷ್ಟೇನಾ?

ಚರ್ಮದ ಮೇಲೆ ಬಿಳಿ ಕಂಡ ತಕ್ಷಣ ಬೂಷ್ಟು ಅಂತ ತೀರ್ಮಾನ ಮಾಡಬೇಡಿ. ನಾಲ್ಕು ಬೇರೆ ಬೇರೆ ವಿಷಯ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಒಂದಕ್ಕೊಂದು ಸಂಬಂಧ ಇಲ್ಲ.

ಬೂಷ್ಟು ಚುಕ್ಕೆ ಚುಕ್ಕೆಯಾಗಿ, ದುಂಡಗೆ ಹರಡುತ್ತದೆ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದರೆ ಹತ್ತಿ ಎಳೆಯ ಹಾಗೆ ನೂಲು ಕಾಣುತ್ತದೆ, ಕೆಲವೊಮ್ಮೆ ನೂಲಿನ ತುದಿಯಲ್ಲಿ ಗುಂಡುಸೂಜಿ ತಲೆಯಂಥ ಚುಕ್ಕಿ. ಬಿಳಿ, ಬೂದಿ, ಹಸಿರು, ಕಪ್ಪು, ಯಾವ ಬಣ್ಣ ಬೇಕಾದರೂ ಇರಬಹುದು. ಜೊತೆಗೆ ಮುಗ್ಗಲು ವಾಸನೆ. ವಾಸನೆ ನೋಡಬೇಕು ಅಂತ ಮೂಗನ್ನು ಅದರ ಮೇಲೇ ಇಡಬೇಡಿ. ಪೆಟ್ಟಿಗೆ ತೆರೆದ ಕ್ಷಣದಲ್ಲೇ ಗೊತ್ತಾಗುತ್ತದೆ.

ಎರಡನೆಯದು ಕೊಬ್ಬು. ಹದ ಮಾಡುವಾಗ ಚರ್ಮಕ್ಕೆ ಎಣ್ಣೆ ಕೊಬ್ಬು ಹಾಕಿರುತ್ತಾರೆ, ಮನೆಯಲ್ಲೂ ವರ್ಷಗಟ್ಟಲೆ ಎಣ್ಣೆ ಪಾಲಿಶ್ ಹಚ್ಚಿರುತ್ತೇವೆ. ಚಳಿಗೆ ಆ ಕೊಬ್ಬು ಮೇಲಕ್ಕೆ ಬಂದು ಬಿಳಿ ಪೊರೆ ಆಗಿ ಕೂರುತ್ತದೆ. ಇದಕ್ಕೆ ಸುಲಭ ಪರೀಕ್ಷೆ ಇದೆ. ವಸ್ತು ಒಣಗಿದ್ದರೆ ಮಾತ್ರ, ಹೇರ್ ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ ಒಂದು ಅಡಿ ದೂರ ಹಿಡಿದು ಮೂಲೆಯೊಂದಕ್ಕೆ ಕೆಲವು ಸೆಕೆಂಡ್ ಗಾಳಿ ಕೊಡಿ. ಕೊಬ್ಬಾದರೆ ಕರಗಿ ಮಾಯ ಆಗುತ್ತದೆ. ಬೂಷ್ಟು ಅಲ್ಲೇ ಇರುತ್ತದೆ. ಆದರೆ ನೂಲು ನೂಲಾಗಿ ಕಾಣುತ್ತಿದ್ದರೆ ಈ ಪರೀಕ್ಷೆ ಬೇಡ, ಬೀಜಕಣ ಮನೆಯೆಲ್ಲ ಹಾರುತ್ತದೆ. ತೊಗಲುಗೊಂಬೆಗಂತೂ ಬೇಡವೇ ಬೇಡ.

ಉಪ್ಪು ಮೂರನೆಯದು. ಹಸಿ ಚರ್ಮವನ್ನು ಕೆಡದ ಹಾಗೆ ಇಡಲು ಉಪ್ಪು ಹಾಕಿರುತ್ತಾರೆ, ನೀರು ಬಿದ್ದು ಒಣಗಿದಾಗ ಅದು ಅಂಚಿನಲ್ಲಿ ಹರಳಾಗಿ ಕಾಣಿಸಿಕೊಳ್ಳುತ್ತದೆ. ಬೆರಳಿಗೆ ಗರಗರ ಅನ್ನುತ್ತದೆ. ಒದ್ದೆ ಹತ್ತಿಕಡ್ಡಿ ತಾಗಿಸಿದರೆ ಕರಗುತ್ತದೆ.

ನಾಲ್ಕನೆಯದು ಬೇರೆಯೇ ರೋಗ. ಹಳೆಯ ಚರ್ಮದ ರಟ್ಟಿನ ಪುಸ್ತಕ ತೆಗೆದಾಗ ಕೈಗೆಲ್ಲ ಇಟ್ಟಿಗೆ ಬಣ್ಣದ ಪುಡಿ ಮೆತ್ತಿಕೊಳ್ಳುತ್ತದಲ್ಲ, ಅದು. ಇಂಗ್ಲಿಷಿನಲ್ಲಿ ಅದನ್ನು ರೆಡ್ ರಾಟ್ ಅನ್ನುತ್ತಾರೆ. ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ ಚರ್ಮ ಗಾಳಿಯ ಗಂಧಕದ ಹೊಗೆಯಿಂದ ಹುಳಿಯಾಗಿ ಒಳಗಿಂದಲೇ ಪುಡಿ ಆಗುವುದು. 19ನೇ ಶತಮಾನದ ಕೊನೆಯ ಪುಸ್ತಕಗಳಲ್ಲಿ ಜಾಸ್ತಿ. ಇದಕ್ಕೆ ನೀರು ತಾಗಿಸಿದರೆ ಚರ್ಮ ಕಪ್ಪಗಾಗಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಮುಟ್ಟದೆ ಶುದ್ಧ ಹತ್ತಿ ಬಟ್ಟೆಯಲ್ಲೋ ಆಮ್ಲರಹಿತ ಕಾಗದದಲ್ಲೋ ಸುತ್ತಿಡಿ, ತಿಳಿದವರಿಗೆ ತೋರಿಸಿ.

ಬದುಕಿದೆಯಾ, ಮಲಗಿದೆಯಾ?

ಬೂಷ್ಟು ಅಂತ ಖಚಿತ ಆದ ಮೇಲೆ ಕೇಳಬೇಕಾದ ಪ್ರಶ್ನೆ ಇದು. ಬದುಕಿರುವ ಬೂಷ್ಟು ಮೆತ್ತಗೆ, ಹಸಿ ಹಸಿಯಾಗಿ ಇರುತ್ತದೆ. ಸಣ್ಣ ಕುಂಚದ ತುದಿ ತಾಗಿಸಿದರೆ ಮೆತ್ತಿಕೊಂಡು ಎಳೆದ ಹಾಗಾಗುತ್ತದೆ. ಮಲಗಿದ್ದು ಒಣ ಪುಡಿ, ತಾಗಿಸಿದರೆ ಉದುರುತ್ತದೆ. ಬದುಕಿರುವಾಗ ಒರೆಸಿದರೆ ಅದನ್ನು ಚರ್ಮದ ರಂಧ್ರದ ಒಳಕ್ಕೆ ಉಜ್ಜಿದ ಹಾಗೆ. ನಾನು ಮೂರು ಸಲ ಮಾಡಿದ್ದೂ ಅದನ್ನೇ. ಮೊದಲು ಒಣಗಲು ಬಿಡಬೇಕು, ಅದು ಮಲಗಬೇಕು, ಆಮೇಲೆ ತೆಗೆಯಬೇಕು. ಮಲಗಿದ್ದು ಸತ್ತಿದೆ ಅಂತಲ್ಲ. ಮತ್ತೆ ತೇವ ಸಿಕ್ಕರೆ ಏಳುತ್ತದೆ.

ತೇವ ಎಲ್ಲಿಂದ?

ನಿಜವಾದ ಕೆಲಸ ಇಲ್ಲಿದೆ, ಇದಕ್ಕೆ ಒಂದು ವಾರ ಕೊಡಿ. ಅಷ್ಟರಲ್ಲಿ ಬೂಷ್ಟು ಹಿಡಿದ ವಸ್ತುವನ್ನು ಬೇರೆ ಚರ್ಮ, ಪುಸ್ತಕ, ಬಟ್ಟೆಗಳಿಂದ ದೂರ, ಗಾಳಿ ಆಡುವ ಒಣ ಕೋಣೆಯಲ್ಲಿ, ಬಿಳಿ ಕಾಗದದ ಮೇಲೆ ಚಪ್ಪಟೆ ಇಡಿ. ಒಯ್ಯುವಾಗ ಮಾತ್ರ ಕವರಿನಲ್ಲಿ ಹಾಕಿ, ತಲುಪಿದ ಮೇಲೆ ತೆಗೆದುಬಿಡಿ. ಒದ್ದೆ ಚರ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಎರಡೇ ದಿನದಲ್ಲಿ ಹೊಸ ಬೆಳೆ ಬರುತ್ತದೆ.

ಗಾಳಿಯ ತೇವ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡು ಕೊಳ್ಳಿ. ಅದರ ಅಂಕಿ ಶೇ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ದಾರಿ, 70 ದಾಟಿದರೆ ಹೆದ್ದಾರಿ. ಚರ್ಮಕ್ಕೆ 45ರಿಂದ 55 ಒಳ್ಳೆಯದು. ಆದರೆ ಅಗ್ಗದ ಮೀಟರನ್ನು ಪರೀಕ್ಷೆ ಮಾಡದೆ ನಂಬಬೇಡಿ. ಸೋಡಾ ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಮೂರು ನಾಲ್ಕು ಹನಿ ನೀರು ಬಿಡಿ. ಒದ್ದೆ ಮರಳಿನ ಹದ ಬರಬೇಕು, ಪೂರ್ತಿ ಕರಗಬಾರದು. ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿಟ್ಟು ಗಾಳಿ ಆಡದ ಹಾಗೆ ಮುಚ್ಚಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಕವರ್ ತೆಗೆಯದೆ ಅಂಕಿ ನೋಡಿ. 75 ಇರಬೇಕು. ಒದ್ದೆ ಉಪ್ಪಿನ ಸುತ್ತ ಮುಚ್ಚಿದ ಗಾಳಿ ಯಾವಾಗಲೂ 75ಕ್ಕೇ ನಿಲ್ಲುತ್ತದೆ. ನನ್ನ ಎರಡು ಮೀಟರಿನಲ್ಲಿ ಒಂದು 74 ತೋರಿಸಿತು, ಇನ್ನೊಂದು 68. ಆ ಎರಡನೆಯದನ್ನೇ ನಂಬಿದ್ದರೆ ಏಳು ಅಂಕಿ ಕಡಿಮೆ ಓದಿಕೊಂಡು ಎಲ್ಲ ಸರಿ ಇದೆ ಅಂದುಕೊಳ್ಳುತ್ತಿದ್ದೆ. ಈಗ ಅದರ ಬೆನ್ನಿಗೆ ‘ಏಳು ಕೂಡಿಸು’ ಅಂತ ಚೀಟಿ ಅಂಟಿಸಿದ್ದೇನೆ.

ಒಂದು ಮೀಟರ್ ಕೋಣೆಯ ಮಧ್ಯೆ, ಇನ್ನೊಂದು ವಸ್ತು ಇದ್ದ ಜಾಗದಲ್ಲೇ. ಬೀರುವಿನ ಒಳಗೆ, ಸಜ್ಜಾದ ಮೇಲೆ, ಫ್ರೇಮಿನ ಹಿಂದೆ. ಬೆಳಿಗ್ಗೆ ಆರು ಗಂಟೆಗೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಮಲಗುವಾಗ ಬರೆದಿಡಿ. ಎರಡೂ ಕಡೆ ಜಾಸ್ತಿ ಇದ್ದರೆ ದೋಷ ಇಡೀ ಮನೆಯದು. ಕೋಣೆ ಸರಿ ಇದ್ದು ವಸ್ತುವಿನ ಹತ್ತಿರ ಮಾತ್ರ ಏರಿದರೆ ದೋಷ ಆ ಜಾಗದ್ದು. ನಮ್ಮ ಮನೆಯಲ್ಲಿ ಹಾಲ್ ಮಧ್ಯೆ 62, ಫ್ರೇಮ್ ಹಿಂದೆ 78 ಬಂತು.

ಇಷ್ಟು ವ್ಯತ್ಯಾಸ ಹೇಗೆ ಅಂತ ನನಗೂ ಆಶ್ಚರ್ಯ ಆಗಿತ್ತು. ಲೆಕ್ಕ ಸರಳ. ತಣ್ಣಗಿನ ಗಾಳಿ ನೀರನ್ನು ಕಡಿಮೆ ಹಿಡಿದುಕೊಳ್ಳುತ್ತದೆ. ಕೋಣೆ 24 ಡಿಗ್ರಿ, ತೇವ ಶೇ. 65 ಅಂತಿಟ್ಟುಕೊಳ್ಳಿ. ಅದೇ ಗಾಳಿ 20 ಡಿಗ್ರಿ ಇರುವ ಗೋಡೆಗೆ ತಾಗಿ ತಣ್ಣಗಾದರೆ ಅಲ್ಲಿ ಶೇ. 83ರ ಹತ್ತಿರ ಹೋಗುತ್ತದೆ. ಹೊಸ ನೀರು ಒಂದು ಹನಿಯೂ ಬಂದಿಲ್ಲ, ಗೋಡೆ ತಣ್ಣಗಿದೆ ಅಷ್ಟೇ. ಬಿಸಿಲು ಬೀಳದ ಉತ್ತರದ ಗೋಡೆ, ಹೊರಗಿನ ಗೋಡೆಗೇ ಹೊಂದಿಸಿ ಮಾಡಿಸಿದ ವಾರ್ಡ್‌ರೋಬ್, ಪಕ್ಕದ ಮನೆಗೂ ನಮ್ಮ ಮನೆಗೂ ಕೈ ತೂರದಷ್ಟು ಸಂದಿ ಇರುವ ಗೋಡೆ, ಇವೆಲ್ಲ ಬೆಂಗಳೂರಿನ ಬೂಷ್ಟಿನ ತವರು.

ಗೋಡೆಯಲ್ಲಿ ನೀರು ಒಸರುತ್ತಿದೆಯಾ, ಇಲ್ಲ ಕೋಣೆಯ ಗಾಳಿಯೇ ತಣ್ಣಗಿನ ಗೋಡೆಗೆ ಬೆವರುತ್ತಿದೆಯಾ ಅಂತ ತಿಳಿಯಲು ಮಕ್ಕಳ ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಾಕು. ಒಂದು ಅಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಗಡೆ, ಅಂದರೆ ಗೋಡೆ ಕಡೆಗೆ, ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಗಡೆ ತೇವ ಕೂತರೆ ಅದು ಕೋಣೆಯ ಗಾಳಿಯದು. ನಮ್ಮದು ಒಳಗಡೆ. ಹನಿಗಳೆಲ್ಲ ಬಲಗಡೆ ಕೆಳಮೂಲೆಯಲ್ಲಿ ಜಾಸ್ತಿ. ಹನುಮಂತನ ಬಲಗಾಲು ಇದ್ದದ್ದು ಸರಿಯಾಗಿ ಅಲ್ಲೇ.

ಗೋಡೆಯ ಆಚೆ ಬಚ್ಚಲು. ಒಂದು ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಬೆಳಿಗ್ಗೆ ನೋಡಿದರೆ ಗುರುತಿಗಿಂತ ನೀರು ಎರಡು ಬೆರಳು ಕೆಳಗೆ. ಪ್ಲಂಬರ್ ಅಣ್ಣ ಬಂದು ಶವರ್ ಕೆಳಗಿನ ಟೈಲ್ಸ್ ಒಡೆದು ನೋಡಿದಾಗ ಬಿಸಿನೀರಿನ ಪೈಪಿನ ಬೆಂಡಿನಲ್ಲಿ ಕೂದಲೆಳೆಯಂಥ ಬಿರುಕು. ಗೋಡೆಗೆ ಬಣ್ಣ ಚೆನ್ನಾಗಿ ಬಳಿದಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ. ‘ಗೊಂಬೆ ಹೇಳದೇ ಇದ್ದಿದ್ದರೆ ಇನ್ನೊಂದು ವರ್ಷ ಗೊತ್ತಾಗುತ್ತಿರಲಿಲ್ಲ ಬಿಡು’ ಅಂದರು ಅಮ್ಮ.

ಫ್ರೇಮಿನಲ್ಲೂ ಒಂದು ತಪ್ಪಿತ್ತು. ಹಾಕಿಕೊಟ್ಟ ಅಂಗಡಿಯವರು ಗೊಂಬೆಯನ್ನು ಗಾಜಿಗೆ ಒತ್ತಿ, ಹಿಂದೆ ದಿನಪತ್ರಿಕೆ ಮಡಚಿ ತುಂಬಿ, ಅದರ ಮೇಲೆ ಹಾರ್ಡ್‌ಬೋರ್ಡ್ ಬಡಿದಿದ್ದರು. ಬಿಚ್ಚಿದಾಗ ಪತ್ರಿಕೆ ಇಸ್ತ್ರಿ ಮಾಡುವ ಮೊದಲು ನೀರು ಚಿಮುಕಿಸಿದ ಬಟ್ಟೆಯ ಹಾಗೆ ತಣ್ಣಗಿತ್ತು. ಗಾಜಿಗೆ ಅಂಟಿದ್ದ ಕಡೆಯೆಲ್ಲ ಬಣ್ಣದ ಅಚ್ಚು. ಗಾಜಿಗೂ ವಸ್ತುವಿಗೂ ಮಧ್ಯೆ ಕಾಲಿಂಚಾದರೂ ಜಾಗ ಬೇಕು. ಹಾಗೆಯೇ ಫ್ರೇಮಿಗೂ ಗೋಡೆಗೂ ಮಧ್ಯೆ. ಬಾಟಲಿಯ ಬಿರಡೆ ಕತ್ತರಿಸಿ ಫ್ರೇಮಿನ ಹಿಂದೆ ಕೆಳಗಿನ ಎರಡೂ ಮೂಲೆಗೆ ಅಂಟಿಸಿದರೆ ಗಾಳಿ ಆಡುತ್ತದೆ.

ಇಡೀ ಮನೆಯದೇ ದೋಷ ಅಂತಾದರೆ ಊರಿನ ಹವೆ ಅರ್ಥ ಮಾಡಿಕೊಳ್ಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಂಗಳೂರಿನಂಥ ಸೆಕೆ ಇಲ್ಲ, ಹಾಗಾಗಿ ಇಲ್ಲಿ ಬೂಷ್ಟಿನ ಭಯ ಇಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆದರೆ ಜೂನ್‌ನಿಂದ ಶುರುವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರಾಗಿ, ನವೆಂಬರಿನ ವಾಯುಭಾರ ಕುಸಿತದ ಜಡಿಮಳೆಯವರೆಗೂ ಎಳೆಯುತ್ತದೆ. ಮಳೆಗಾಲದ ಬೆಳಗಿನ ಹೊತ್ತು ಹೊರಗಿನ ತೇವ ಶೇ. 80 ದಾಟುವುದು ಮಾಮೂಲು. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆರೆದು ‘ಗಾಳಿ ಆಡಲಿ’ ಅಂತ ಬೀರುವಿನ ಬಾಗಿಲನ್ನೂ ತೆರೆದಿಟ್ಟರೆ ಆ ತೇವವನ್ನೆಲ್ಲ ಕರೆದು ಒಳಗೆ ಕೂರಿಸಿದ ಹಾಗೆ. ಮಳೆಗಾಲದಲ್ಲಿ ಮಳೆ ಬಿಟ್ಟ ಮಧ್ಯಾಹ್ನ, ಹನ್ನೆರಡರಿಂದ ನಾಲ್ಕರ ಒಳಗೆ ತೆರೆಯಿರಿ. ಹೊರಗೆ ಒಂದು ಮೀಟರ್ ಇಟ್ಟು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಫೆಬ್ರವರಿ, ಮಾರ್ಚ್ ನಮ್ಮ ಊರಿನ ಒಣ ತಿಂಗಳು. ಟ್ರಂಕು, ಸಜ್ಜಾ ಎಲ್ಲ ಬಿಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ತೆಗೆಯುವುದು

ನೀರಿನ ಮೂಲ ನಿಂತ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಅಸ್ತಮಾ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ. ಉಳಿದವರು ಎನ್-95 ಮಾಸ್ಕ್, ಕೈಗೆ ಗ್ಲೌಸ್, ಆಮೇಲೆ ಸೀದಾ ಒಗೆಯಲು ಹಾಕುವಂಥ ಬಟ್ಟೆ. ಜಾಗ ಬಾಲ್ಕನಿ ಅಥವಾ ತಾರಸಿಯ ನೆರಳು. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುವ ಹಾಗೆ ನಿಂತುಕೊಳ್ಳಿ.

ಮೊದಲು ಒಣಗಿಸಿ, ನಿಧಾನವಾಗಿ. ನೆರಳು, ದೂರದಲ್ಲಿ ಫ್ಯಾನ್, ಎರಡು ಮೂರು ದಿನ. ಬಿಸಿಲಿಗೆ ಹಾಕಬೇಡಿ. ಹಪ್ಪಳ ಸಂಡಿಗೆ ಹಾಕುವ ಹಾಗೆ ಹಳೆಯ ಚರ್ಮವನ್ನು ತಾರಸಿಯಲ್ಲಿ ಹರವಿ ಕಳೆದುಕೊಂಡವರನ್ನು ನೋಡಿದ್ದೇನೆ, ಬಹಳ ಸಂಕಟ ಆಗುತ್ತದೆ. ಒದ್ದೆ ಚರ್ಮಕ್ಕೆ ಒಂದು ಮಟ್ಟದ ಬಿಸಿ ತಾಗಿದರೆ ನಾರು ಕುಗ್ಗಿ ಮುರುಟಿಕೊಳ್ಳುತ್ತದೆ. ಚೆನ್ನಾಗಿರುವ ಹಸಿ ತೊಗಲಿಗೆ ಅದು 60 ಡಿಗ್ರಿಯ ಆಸುಪಾಸು, ಆದರೆ ಹಳೆಯದಾಗಿ ಸೊರಗಿದ ಚರ್ಮ 40 ಡಿಗ್ರಿಯ ಹತ್ತಿರವೇ ಕುಗ್ಗಬಹುದು. ಬೇಸಿಗೆಯ ತಾರಸಿ ಅದಕ್ಕಿಂತ ಬಿಸಿ ಇರುತ್ತದೆ. ಮುರುಟಿದ್ದು ಮತ್ತೆ ಬಿಚ್ಚುವುದಿಲ್ಲ.

ಒಣಗಿ ಪುಡಿಯಾದ ಮೇಲೆ ಮೆತ್ತನೆಯ ಅಗಲ ಕುಂಚ ಹಿಡಿದು, ಒತ್ತದೆ, ಒಂದೇ ದಿಕ್ಕಿಗೆ, ನಿಮ್ಮಿಂದ ಆಚೆಗೆ ತಳ್ಳಿ. ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇದ್ದರೆ ಅದರ ಬಾಯಿಗೆ ತೆಳು ಬಲೆ ಬಟ್ಟೆ ಕಟ್ಟಿ, ಕಡಿಮೆ ವೇಗದಲ್ಲಿ, ಕುಂಚದಿಂದ ಎದ್ದ ಪುಡಿ ಅದರೊಳಗೆ ಹೋಗುವ ಹಾಗೆ ಹಿಡಿಯಿರಿ. ಮಾಮೂಲು ವ್ಯಾಕ್ಯೂಮ್ ಬೀಜಕಣವನ್ನು ಹಿಂದಿನಿಂದ ಕೋಣೆಗೇ ಉಗುಳುತ್ತದೆ, ಬೇಡ. ಹೊಲಿಗೆಯ ಸಾಲು, ಮಡಿಕೆ, ಬಕಲ್ ಹಿಂದೆ, ಚೀಲದ ಒಳಗಿನ ಅಸ್ತರಿ, ಇಲ್ಲೆಲ್ಲ ಬೂಷ್ಟು ಅಡಗಿರುತ್ತದೆ. ಕೆಲಸ ಮುಗಿದ ಮೇಲೆ ಕೆಳಗೆ ಹಾಸಿದ ಕಾಗದವನ್ನು ಮಡಚಿ ಕವರಿನಲ್ಲಿ ಕಟ್ಟಿ ಎಸೆಯಿರಿ. ಕುಂಚವನ್ನು ಸೋಪಿನಲ್ಲಿ ತೊಳೆಯಿರಿ.

ಇದಕ್ಕಿಂತ ಮುಂದೆ ಹೋಗಬೇಕಾ ಅನ್ನುವುದು ವಸ್ತುವಿನ ಮೇಲೆ ನಿಂತಿದೆ.

ತೊಗಲುಗೊಂಬೆ ಆದರೆ ಕುಂಚದಲ್ಲೇ ನಿಲ್ಲಿಸಿ. ಅದು ಹದ ಮಾಡಿದ ಚರ್ಮ ಅಲ್ಲ, ಕೂದಲು ಕೊಬ್ಬು ಕೆರೆದು, ದೀಪದ ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿದ ಹಸಿ ತೊಗಲು. ನೀರು ಕಂಡರೆ ಉಬ್ಬುತ್ತದೆ, ಬಣ್ಣ ಬಿಡುತ್ತದೆ. ಸ್ಪಿರಿಟ್ ಕೂಡ ಬಣ್ಣವನ್ನು ಎಳೆಯಬಹುದು. ಕಲೆ ಉಳಿದರೆ ಉಳಿಯಲಿ. ತೊಗಲುಗೊಂಬೆ ಆಡಿಸುವ ಕೊಪ್ಪಳದ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಮನೆಗೆ ಬಂದವರೆಲ್ಲ ಹನುಮಂತನ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲುತ್ತಾರೆ. ಅವರು ನೋಡುವುದು ಉಳಿಯ ಕೆಲಸವನ್ನು, ಕಾಲಿನ ಕಲೆಯನ್ನಲ್ಲ.

ಮೃದಂಗದ್ದು ಬೇರೆ ಕಥೆ. ಎಡಗಡೆ ನಾದಕ್ಕೆ ರವೆ ಕಲಸಿ ಹಚ್ಚುತ್ತೇವಲ್ಲ, ಕಚೇರಿ ಮುಗಿದ ಮೇಲೆ ಅದನ್ನು ಪೂರ್ತಿ ತೆಗೆಯದೆ ಚೀಲಕ್ಕೆ ಹಾಕಿದರೆ ಬೂಷ್ಟಿಗೆ ಊಟ ಬಡಿಸಿ ಬಾಗಿಲು ಹಾಕಿದಂತೆ. ನಮ್ಮ ತಮ್ಮನ ಮೃದಂಗದಲ್ಲಿ ಎಡಗಡೆ ಮಾತ್ರ ಬೂಷ್ಟು, ಬಲಗಡೆ ಒಂದು ಚುಕ್ಕೆಯೂ ಇಲ್ಲ ಅಂದಾಗಲೇ ಕಾರಣ ಗೊತ್ತಾಯಿತು. ರವೆಯನ್ನು ಹಸಿ ಇರುವಾಗಲೇ ತೆಗೆದು, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಗಾಳಿಗೆ ಬಿಟ್ಟು ಆಮೇಲೆ ಚೀಲಕ್ಕೆ ಹಾಕಿ. ಬಲಗಡೆ ನಡುವಿನ ಕಪ್ಪು ವೃತ್ತಕ್ಕೆ, ಅಂದರೆ ಕರಣೆಗೆ, ನೀರು ತಾಗಿಸಬೇಡಿ. ಅದರಲ್ಲಿ ಅನ್ನದ ಅಂಟು ಇದೆ, ಎದ್ದು ಬರುತ್ತದೆ.

ಮೇಲ್ಮೈಗೆ ಬಣ್ಣ, ಪಾಲಿಶ್ ಗಟ್ಟಿಯಾಗಿ ಕೂತಿರುವ ಚೀಲ, ಪೆಟ್ಟಿಗೆ, ಬೆಲ್ಟ್ ಇಂಥವಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಬಹುದು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬೋರ್ಡ್ ತೊಳೆಯಲು ಮಾರುವಂಥದ್ದೇ. ಏಳು ಭಾಗಕ್ಕೆ ಮೂರು ಭಾಗ ನೀರು ಬೆರೆಸಿ. ನೀರಿಲ್ಲದೆ ಬಳಸಿದರೆ ಕೆಲಸ ಮಾಡುವ ಮೊದಲೇ ಆರಿಹೋಗುತ್ತದೆ. ಕಾಣದ ಜಾಗದಲ್ಲಿ ಹತ್ತಿಕಡ್ಡಿ ಒತ್ತಿ ನೋಡಿ. ಹತ್ತಿಗೆ ಬಣ್ಣ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಬರದಿದ್ದರೆ ಹಳೆಯ ಪಂಚೆ ತುಂಡನ್ನು ಅದರಲ್ಲಿ ಅದ್ದಿ, ಹಿಂಡಿ, ಲಘುವಾಗಿ ಒಂದು ಸಲ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು. ಹತ್ತಿರ ದೀಪ, ಊದುಬತ್ತಿ, ಗ್ಯಾಸ್ ಇರಬಾರದು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅದು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ.

ಎಣ್ಣೆ ಬಗ್ಗೆ ಖಂಡಿತ ಕೇಳುತ್ತೀರಿ. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ, ಹರಳೆಣ್ಣೆ, ಯಾವುದೂ ಬೇಡ. ನೋಡುವುದಕ್ಕೆ ಎರಡು ದಿನ ಹೊಳೆಯುತ್ತದೆ, ಆಮೇಲೆ ಧೂಳು ಅಂಟುತ್ತದೆ, ಬೂಷ್ಟಿಗೆ ಅದೇ ಆಹಾರ. ದಿನಾ ಹಾಕುವ ಚಪ್ಪಲಿಗೆ ಹಚ್ಚುವುದು ಬೇರೆ, ತಾತನ ಚೀಲಕ್ಕೆ ಹಚ್ಚುವುದು ಬೇರೆ. ಬ್ಲೀಚ್ ಚರ್ಮವನ್ನೇ ತಿನ್ನುತ್ತದೆ. ವಿನಿಗರ್ ಹುಳಿ, ಮೊದಲೇ ಹುಳಿಯಾಗುತ್ತಿರುವ ಹಳೆಯ ಚರ್ಮಕ್ಕೆ ಅದನ್ನು ಸುರಿಯುವುದು ಸರಿಯಲ್ಲ. ನುಸಿಗುಳಿಗೆ ಹುಳುವಿಗೆ, ಬೂಷ್ಟಿಗಲ್ಲ, ಅದರ ಹೊಗೆ ನಮಗೂ ಒಳ್ಳೆಯದಲ್ಲ.

ಪೂರ್ತಿ ನೆನೆದುಹೋದರೆ? 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಮನೆಗಳಿಗೆ ನೀರು ನುಗ್ಗಿದಂಥ ಪರಿಸ್ಥಿತಿ ಬಂದರೆ ನಿಮಗಿರುವುದು 48 ಗಂಟೆ. ಅಷ್ಟರೊಳಗೆ ಒಣಗಿಸಲು ಶುರುಮಾಡಿ. ವಸ್ತುಗಳು ಬಹಳ ಇದ್ದು ಕೈ ಸಾಲದಿದ್ದರೆ ಪುಸ್ತಕದಂಥವನ್ನು ಒಂದೊಂದಾಗಿ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಬೂಷ್ಟು ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ, ಯೋಚನೆ ಮಾಡಲು ಸಮಯ ಸಿಗುತ್ತದೆ.

ಮತ್ತೆ ಇಡುವಾಗ

ಬಚ್ಚಲಿನ ಗೋಡೆ, ಹೊರಗೋಡೆ, ನೆಲ, ಸಜ್ಜಾದ ಮೂಲೆ ಬಿಟ್ಟು ಬೇರೆ ಜಾಗ ಹುಡುಕಿ. ಬೀರು ಗೋಡೆಯಿಂದ ನಾಲ್ಕು ಬೆರಳು ಮುಂದೆ ಇರಲಿ. ಚರ್ಮವನ್ನು ಒಗೆದು ಗಂಜಿ ಹಾಕದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಗಂಜಿಯೂ ಬೂಷ್ಟಿಗೆ ಊಟವೇ.

ಸಿಲಿಕಾ ಜೆಲ್ ಬಗ್ಗೆ ಒಂದು ಮಾತು. ಹೊಸ ಬ್ಯಾಗಿನ ಜೊತೆ ಬಂದ ಪುಟ್ಟ ಪೊಟ್ಟಣಗಳನ್ನು ಕೂಡಿಟ್ಟು ಬೀರುವಿನಲ್ಲಿ ಹಾಕಿದರೆ ಉಪಯೋಗ ಇಲ್ಲ. ಅವು ಆಗಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತವೆ. ಜೊತೆಗೆ ಬೀರುವಿನ ಬಾಗಿಲ ಸಂದಿಯಿಂದ ಇಡೀ ಕೋಣೆಯ ಗಾಳಿ ಬರುತ್ತಿರುತ್ತದೆ. ರಬ್ಬರ್ ಪಟ್ಟಿ ಇರುವ ಬಿಗಿ ಡಬ್ಬಿಯಲ್ಲಿ, ಚೆನ್ನಾಗಿ ಒಣಗಿದ ವಸ್ತುವಿನ ಜೊತೆ, ತೆಳು ಬಟ್ಟೆಚೀಲದಲ್ಲಿ ಕಟ್ಟಿ ಇಟ್ಟರೆ ಕೆಲಸ ಮಾಡುತ್ತದೆ. ಬಣ್ಣ ಬದಲಾಗುವ ಕಿತ್ತಳೆಯದನ್ನು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದಾಗ ಚೀಲದಿಂದ ತೆಗೆದು ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟರೆ ಮತ್ತೆ ಹೊಸದು. ಡಬ್ಬಿಯಲ್ಲಿ ನೀರು ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಗಳು ಬಟ್ಟೆ ಬೀರುವಿಗೆ ಸರಿ, ಆದರೆ ಅದು ಮಗುಚಿ ಆ ನೀರು ಚರ್ಮಕ್ಕೆ ಬಿದ್ದರೆ ವಸ್ತು ಹೋದ ಹಾಗೇ. ಚರ್ಮಕ್ಕಿಂತ ಕೆಳಗಿನ ಅಂಕಣದಲ್ಲಿ, ಅಗಲ ತಟ್ಟೆಯ ಮೇಲೆ ಇಡಿ.

ಚಿನ್ನದ ಅಚ್ಚಿರುವ ಪುಸ್ತಕ, ಬಣ್ಣ ಎದ್ದು ಬರುತ್ತಿರುವ ಗೊಂಬೆ, ಪುಡಿ ಆಗುತ್ತಿರುವ ಚರ್ಮ, ಇವನ್ನು ಮನೆಯಲ್ಲಿ ಮುಟ್ಟದೆ ಸಂರಕ್ಷಣೆ ಕಲಿತವರಿಗೆ ಕೊಡಿ. ಬೆಂಗಳೂರಿನಲ್ಲೇ, ಪರಂಪರೆಯ ವಸ್ತು ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್‌ನ ಸಂರಕ್ಷಣಾ ಸಂಸ್ಥೆ ಇದೆ, ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ. ಹೋಗುವ ಮೊದಲು ನಿಮ್ಮ ಒಂದು ವಾರದ ಮೀಟರ್ ಅಂಕಿ ಮತ್ತು ವಸ್ತು ಇದ್ದ ಗೋಡೆಯ ಫೋಟೋ ತೆಗೆದುಕೊಂಡು ಹೋಗಿ, ಅರ್ಧ ಮಾತು ಅಲ್ಲೇ ಮುಗಿಯುತ್ತದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಮ್ಯೂಸಿಯಂನಲ್ಲಿ ಹಳೆಯ ತೊಗಲುಗೊಂಬೆಗಳಿವೆ. ನಿಮ್ಮಲ್ಲಿರುವುದು ಎಂಥದ್ದು ಅಂತ ತಿಳಿಯಲು ಒಮ್ಮೆ ಹೋಗಿ ನೋಡಿ.

ನಮ್ಮ ಪೈಪ್ ಸರಿಹೋದ ಮೇಲೂ ಆ ಗೋಡೆ ಪೂರ್ತಿ ಒಣಗಲು ಐದು ತಿಂಗಳು ಹಿಡಿಯಿತು, ಪ್ಲಾಸ್ಟಿಕ್ ಹಾಳೆ ಹಚ್ಚಿ ಹಚ್ಚಿ ನೋಡಿದೆವು. ಹನುಮಂತ ಈಗ ಎದುರಿನ ಒಳಗೋಡೆಯಲ್ಲಿದ್ದಾನೆ. ಗಾಜಿನಿಂದ ಅರ್ಧ ಇಂಚು ಹಿಂದೆ, ಬೆನ್ನಿಗೆ ಪತ್ರಿಕೆ ಇಲ್ಲ. ಹೋದ ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿದಾಗ ಫ್ರೇಮಿನ ಹಿಂದೆ ಕೈ ಹಾಕಿ ಮೀಟರ್ ತೆಗೆದು ನೋಡಿದೆ. 58. ಬಲಗಾಲಿನ ಕೆಂಪು ಅಲ್ಲಿ ಸ್ವಲ್ಪ ಮಾಸಿದೆ, ಅದು ನಾನು ಒರೆಸಿದ್ದು.